ಅಕ್ಕ ಕೊಟ್ಟ ಮೆಟ್ಟಿಲ ಕಲ್ಲು

ನಾನು ಇತಿಹಾಸದ ಮೇಷ್ಟ್ರು. ಟಿ. ನರಸೀಪುರದ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡು ನಿವೃತ್ತನಾದವನು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಇದೆ, ಬೈಸಿಕೊಳ್ಳುವವರು ಕಡಿಮೆಯಾಗಿದ್ದಾರೆ ಅಷ್ಟೆ. ರಾಜರ ಪಾಠ ಬಂದರೆ ನನಗೇ ಆಕಳಿಕೆ ಬರುತ್ತಿತ್ತು. ಯಾರು ಯಾರನ್ನು ಯಾವ ಊರಲ್ಲಿ ಬಡಿದರು ಅನ್ನೋದನ್ನ ಗೈಡ್ ನೋಡಿ ಬರ್ಕೊಳ್ರಯ್ಯ ಎಂದು ಬಿಟ್ಟುಬಿಡುತ್ತಿದ್ದೆ. ಹಳೆಯ ಬೌದ್ಧ ಸ್ತೂಪಗಳ ಪಾಠ ಬಂತೆಂದರೆ ಮಾತ್ರ ಗಂಟೆ ಹೊಡೆದರೂ ನಿಲ್ಲಿಸುತ್ತಿರಲಿಲ್ಲ.

ಯಾಕೆಂದರೆ ಅವನ್ನು ಕಟ್ಟಿಸಿದವರು ಬರೀ ರಾಜರಲ್ಲ. ಸಾಂಚಿಯಲ್ಲಿ ಸ್ತೂಪದ ಸುತ್ತಲಿನ ಕಟಕಟೆಯ ಕಲ್ಲುಗಳನ್ನು ಒಂದೊಂದಾಗಿ ಜನ ಕೊಟ್ಟಿದ್ದಾರೆ. ಕೊಟ್ಟವರು ತಮ್ಮ ಕಲ್ಲಿನ ಮೇಲೆ ಒಂದೇ ಒಂದು ಸಾಲು ಕೆತ್ತಿಸಿದ್ದಾರೆ. ಇಂಥ ಊರಿನ ಇಂಥವರ ದಾನ, ಅಷ್ಟೇ. ನೇಯುವವರು, ದಂತದ ಕೆಲಸದವರು, ವ್ಯಾಪಾರದವರು, ಭಿಕ್ಷುಣಿಯರು, ಮನೆವಾರ್ತೆಯ ಹೆಂಗಸರು. ಕೆಲವರು ತಮ್ಮ ಹೆಸರನ್ನೇ ಹಾಕಿಸಿದ್ದಾರೆ, ಕೆಲವರು ಇಂಥವನ ತಾಯಿ ಎಂದು ಹಾಕಿಸಿದ್ದಾರೆ. ಒಂದು ರಜೆಯಲ್ಲಿ ಹುಡುಗರನ್ನು ಕಟ್ಟಿಕೊಂಡು ನಮ್ಮ ಭೀಮಾ ದಂಡೆಯ ಸನ್ನತಿಯ ಕಡೆಗೂ ಹೋಗಿದ್ದೆ. ಅಲ್ಲೂ ಅಂಥವೇ ಸಾಲುಗಳು, ಬ್ರಾಹ್ಮಿ ಲಿಪಿಯಲ್ಲಿ. ಆ ಅಕ್ಷರಗಳ ಮೇಲೆ ಅಂಗೈ ಇಟ್ಟವನು ತೆಗೆಯುವುದನ್ನೇ ಮರೆತು ನಿಂತುಬಿಟ್ಟೆ. ಹುಡುಗರು ನೋಡಿಬಿಟ್ಟಾರೆಂದು ಸುಮ್ಮಸುಮ್ಮನೆ ಒಬ್ಬನನ್ನು ಗದರಿದೆ.

ಹಾಗೆ ನಿಂತುಬಿಟ್ಟದ್ದಕ್ಕೆ ಕಾರಣವಿತ್ತು. ನನ್ನ ಊರು ನಂಜನಗೂಡು ತಾಲ್ಲೂಕಿನಲ್ಲಿ, ಕವಲಂದೆಯಿಂದ ಆಚೆಗೆ. ಅಪ್ಪ, ಅವ್ವ ಇಬ್ಬರೂ ಊರವರ ಹೊಲದಲ್ಲಿ ಕೂಲಿ ಮಾಡಿದವರು. ಅವರ ಹೆಸರು ಎಲ್ಲೂ ಬರೆದಿದ್ದಿಲ್ಲ. ಕರೆಯುವುದಕ್ಕೂ 'ಏಯ್' ಎಂದರೆ ಸಾಕಾಗುತ್ತಿತ್ತು. ಅಂಥ ಮನೆಯಿಂದ ಹೋದವನಿಗೆ, ಎರಡು ಸಾವಿರ ವರ್ಷದ ಹಿಂದಿನ ಯಾವಳೋ ಒಬ್ಬಳ ಹೆಸರು ಕಲ್ಲಲ್ಲಿ ಸಿಕ್ಕಿದರೆ ಹೇಗಾಗಬೇಡ?

ಇಷ್ಟೆಲ್ಲ ಗೊತ್ತಿದ್ದ ನಾನೇ ಮಾಡಿದ ಕೆಲಸವನ್ನು ಈಗ ಹೇಳಬೇಕು.

ನನಗೊಬ್ಬಳು ಅಕ್ಕ ಇದ್ದಳು. ಆರು ವರ್ಷಕ್ಕೆ ದೊಡ್ಡವಳು. ಅವ್ವ ನಾಟಿಗೋ ಕಳೆಗೋ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗುವುದು ಅವಳ ಕೆಲಸ. ಅದಕ್ಕಾಗಿಯೇ ಅವಳನ್ನು ಶಾಲೆಗೆ ಸೇರಿಸಲಿಲ್ಲ. ನಾನು ಇಳಿದು ಓಡಾಡುವಂತಾದಾಗ ಅವಳ ವಯಸ್ಸು ಮೀರಿತ್ತು. ನಾನು ಓದಿದ್ದು ಅವಳ ಓದನ್ನು ತಿಂದು. ಇದನ್ನು ನಾನು ಯಾವ ಭಾಷಣದಲ್ಲೂ ಹೇಳಿದ್ದಿಲ್ಲ.

ಅವಳನ್ನು ನರಸೀಪುರದ ನಾಲೆ ಬಯಲಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಆ ಮನೆಯಲ್ಲಿ ಅವಳದೇ ಹೆಸರಿನ ಓರಗಿತ್ತಿ ಮೊದಲೇ ಇದ್ದಳು. ಒಂದು ಮನೆಯಲ್ಲಿ ಇಬ್ಬರನ್ನು ಕೂಗುವುದು ಗೋಜಲೆಂದು ಬಂದ ದಿನವೇ ಅಕ್ಕನ ಹೆಸರು ತೆಗೆದು 'ಚಿಕ್ಕವಳು' ಎಂದರು. ನಲವತ್ತು ವರ್ಷ ಅವಳು ಅಲ್ಲಿ ಚಿಕ್ಕವಳಾಗಿಯೇ ಇದ್ದಳು. ರೇಷನ್ ಕಾರ್ಡಿನಲ್ಲೂ ಅದೇ ಬಂತು. ಹಾಗೆಂದು ಅವಳೇನು ಬಾಯಿ ಸತ್ತವಳಲ್ಲ. ನಾನು ಮನೆಗೆ ಹೋದರೆ ಹೊಸ್ತಿಲು ದಾಟುವ ಮೊದಲೇ, "ಬಂದ್ಯಾ ಮೇಷ್ಟ್ರೇ, ಇವತ್ತು ಯಾರ್ ಮ್ಯಾಲೆ ಎಗರಾಡ್ಬುಟ್ಟು ಬಂದೆ?" ಎಂದು ಕೇಳುತ್ತಿದ್ದಳು.

ನಾನು ಅದೇ ಊರಿನ ಹತ್ತಿರ ಕೆಲಸದಲ್ಲಿದ್ದುದರಿಂದ ಶನಿವಾರ ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲೇ. ಸನ್ನತಿಯಿಂದ ಬಂದ ಮೇಲಿನ ಶನಿವಾರ ಹೋದಾಗ ಅವಳು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಲ್ಲೊಂದು ಚಪ್ಪಡಿ ಕಲ್ಲು ಇತ್ತು, ಒಗೆದು ಒಗೆದು ನಡುವೆ ತಗ್ಗಾಗಿತ್ತು. ನಾನು ಬಚ್ಚಲ ಗೋಡೆಗೆ ಒರಗಿ ನಿಂತು ಆ ಹೆಂಗಸರ ಸುದ್ದಿ ಹೇಳಿದೆ. ಅಕ್ಕ ಎತ್ತಿದ ಸೀರೆಯನ್ನು ಹಾಗೇ ಹಿಡಿದು ನಿಂತಳು.

"ಎಂಗುಸ್ರು ಕೊಟ್ಟವ್ರಾ? ಗಂಡನ್ ಎಸ್ರಲ್ಲಲ್ವಾ?"

"ಅವರದ್ದೇ ಹೆಸರಲ್ಲಿ ಕಣಕ್ಕ."

"ಈಗ್ಲೂ ಅದಾ ಆ ಎಸ್ರು?"

"ಇದೆ. ನಾನೇ ಮುಟ್ಟಿ ಬಂದೆ."

"ಪುಣ್ಯಾತ್ಗಿತ್ತೇರು ಬುಡು," ಎಂದು ಸೀರೆಯನ್ನು ಕಲ್ಲಿಗೆ ಬಡಿದಳು. ಆಮೇಲೆ ಊಟಕ್ಕೆ ಬಡಿಸುವಾಗ ಮತ್ತೆ ಕೇಳಿದಳು, "ಏನೇನ್ ಕೊಟ್ಟಿದ್ರು?" ಒಂದು ಕಂಬ, ಒಂದು ಅಡ್ಡಪಟ್ಟಿ, ನೆಲದ ಕಲ್ಲು, ಯಾರಿಗೆ ಏನಾಯಿತೋ ಅದು ಎಂದೆ. "ಒಂದು ಕಲ್ಲು ಕೊಟ್ರೂ ಎಸ್ರು ಆಕ್ತಿದ್ರಾ?" ಎಂದಳು. ಹಾಕುತ್ತಿದ್ದರು ಎಂದೆ. ಆ ವರ್ಷವೇ ಅವಳು ಊರಿನ ಹೆಂಗಸರ ಜೊತೆ ವಯಸ್ಕರ ಶಿಕ್ಷಣದ ಪಾಠಕ್ಕೆ ಹೋಗತೊಡಗಿದಳು. ನಲವತ್ತು ದಾಟಿದ ಮೇಲೆ ಕಲಿತ ಅಕ್ಷರ. ಒಂದೊಂದನ್ನೇ ಬೆರಳಿನಿಂದ ಒತ್ತಿ ಓದುತ್ತಿದ್ದಳು. ನಾನು ಅದನ್ನೂ ಇದನ್ನೂ ಜೋಡಿಸಿ ನೋಡಲಿಲ್ಲ.

ಭಾವ ತೀರಿಕೊಂಡ ಮೇಲೆ ಅವರ ಅಣ್ಣತಮ್ಮಂದಿರು ಮನೆ ಭಾಗ ಮಾಡಿಕೊಂಡರು. ಮಕ್ಕಳಿಲ್ಲದ ಅಕ್ಕನಿಗೆ ಭಾಗವೆಂದು ಏನೂ ಬರಲಿಲ್ಲ. ನಾನು ಕೋರ್ಟು ಕಚೇರಿ ಎಂದು ಹಾರಾಡಿದೆ. ಅವಳು, "ಸುಮ್ಕಿರು" ಎಂದು ನನ್ನನ್ನು ಕೂರಿಸಿ, ಅವರನ್ನು ಕೇಳಿದ್ದು ಆ ಒಗೆಯುವ ಕಲ್ಲನ್ನು. "ನಾನ್ ಬಡ್ದು ಸವೆಸಿರೋ ಕಲ್ಲು, ನನ್ಗೇ ಕೊಟ್ಬುಡಿ." ಅವರು ನಕ್ಕು ಕೊಟ್ಟರು. ಹೆಮ್ಮರಗಾಲದ ಕಡೆಗೆ ಖಾಲಿ ಹೋಗುತ್ತಿದ್ದ ಟ್ರ್ಯಾಕ್ಟರಿನಲ್ಲಿ ಅಕ್ಕನೂ ಕಲ್ಲೂ ನಿವೃತ್ತನಾಗಿ ನಾನು ಸೇರಿಕೊಂಡಿದ್ದ ನಮ್ಮ ಊರಿನ ಮನೆಗೆ ಬಂದರು. ಈ ಕಲ್ಲು ಯಾತಕ್ಕೆ ಅಕ್ಕ, ನಮ್ಮ ಮನೇಲಿ ವಾಷಿಂಗ್ ಮಷೀನ್ ಇದೆಯಲ್ಲ ಎಂದರೆ, "ಇರ್ಲಿ, ಬೇಕಾಯ್ತದೆ" ಎಂದಳು.

ನಮ್ಮ ಕೇರಿಯವರು ಬುದ್ಧನ ದಾರಿ ಹಿಡಿದು ಆಗಲೇ ಬಹಳ ವರ್ಷವಾಗಿತ್ತು. ಪೂಜೆ, ವಂದನೆ ಎಲ್ಲ ಸಮುದಾಯ ಭವನದ ಜಗುಲಿಯಲ್ಲೇ ನಡೆಯುತ್ತಿತ್ತು. ಅಕ್ಕ ಬಂದ ಎರಡನೇ ವರ್ಷ ಒಂದು ಪುಟ್ಟ ವಿಹಾರ ಕಟ್ಟೋಣವೆಂದು ತೀರ್ಮಾನವಾಯಿತು. ಒಬ್ಬರು ಮರಳು ಹೊಡೆಸಿದರು, ಒಬ್ಬರು ಸಿಮೆಂಟು, ಗಾರೆ ಕೆಲಸದವರು ಭಾನುವಾರದ ದುಡಿಮೆ. ಹೆಂಗಸರು ಸಾಲು ನಿಂತು ಇಟ್ಟಿಗೆ ದಾಟಿಸಿದರು. ಬಾಗಿಲಿಗೆ ಮೆಟ್ಟಿಲು ಬೇಕೆಂದ ದಿನ ಅಕ್ಕ ನಾಲ್ಕು ಹುಡುಗರನ್ನು ಕರೆದುಕೊಂಡು ಬಂದು, "ಎತ್ರಪ್ಪ ಇದ" ಎಂದು ತನ್ನ ಕಲ್ಲನ್ನು ತೋರಿಸಿದಳು. ತಗ್ಗಾದ ಮೈಯನ್ನು ಕೆಳಗೆ ಮಾಡಿ, ಸಮತಟ್ಟಾಗಿದ್ದ ಇನ್ನೊಂದು ಮೈಯನ್ನು ಮೇಲೆ ಮಾಡಿ ಕೂರಿಸಿದರು. ಬುದ್ಧನ ಹತ್ತಿರ ಹೋಗುವವರು ಯಾರೇ ಆಗಲಿ ಮೊದಲು ಕಾಲಿಡಬೇಕಾದ ಕಲ್ಲು ಅದು.

ಜಗಳ ಶುರುವಾದದ್ದು ಕಟ್ಟಡ ಮುಗಿದ ಮೇಲೆ. ದಾನಿಗಳ ಹೆಸರಿನ ಫಲಕ ಹಾಕಬೇಕಲ್ಲ, ಯಾರ ಹೆಸರು ಮೊದಲು? ಮರಳಿನವನಿಗೆ ಸಿಮೆಂಟಿನವನ ಕೆಳಗೆ ಬರುವುದು ಬೇಡ. ಫ್ಯಾನ್ ಕೊಟ್ಟವನು ಫಲಕದ ತೀರ್ಮಾನಕ್ಕೆ ಕಾಯದೆ ಮೂರು ರೆಕ್ಕೆಗೂ ತನ್ನ ಹೆಸರು ಬರೆಸಿ ತಂದಿದ್ದ, ತಿರುಗಿದರೆ ಓದುವುದು ಯಾರಪ್ಪ? ಟ್ಯೂಬ್‌ಲೈಟಿನವನು ತನ್ನ ಹೆಸರು, ತಂದೆಯ ಹೆಸರು, ಇಲಾಖೆ ಎಲ್ಲವನ್ನೂ ಪೇಂಟ್ ಮಾಡಿಸಿ ಬೆಳಕು ಬೀಳುವುದಕ್ಕೇ ಜಾಗ ಬಿಟ್ಟಿರಲಿಲ್ಲ. ವಿಹಾರ ಸಮಿತಿಯ ಸಭೆಯಲ್ಲಿ ಕೈ ಕೈ ಮಿಲಾಯಿಸುವುದೊಂದು ಬಾಕಿ. ಆಗ ಎಲ್ಲರೂ ನನ್ನ ಕಡೆ ತಿರುಗಿದರು. ಸಮಿತಿಯ ಅಧ್ಯಕ್ಷ ನನ್ನ ಹಳೆಯ ವಿದ್ಯಾರ್ಥಿ. "ನೀವೇ ಒಂದು ದಾರಿ ಏಳಿ ಸಾ" ಎಂದ.

ಎದ್ದು ನಿಂತೆ. ನನ್ನ ನಾಲಿಗೆಗೆ ಅಂದು ಯಾರಾದರೂ ಬೀಗ ಹಾಕಬಾರದಿತ್ತೇ! ಸಾಂಚಿಯಲ್ಲಿ ಒಂದು ಊರಿಗೆ ಊರೇ ಸೇರಿ ಕೊಟ್ಟ ದಾನದ ಶಾಸನವೂ ಇದೆ. ಅದು ನನಗೆ ಆ ಹೊತ್ತಿಗೆ ಸರಿಯಾಗಿ ನೆನಪಾಯಿತು. ಅದನ್ನು ಹಿಡಿದುಕೊಂಡು ಅರ್ಧ ಗಂಟೆ ಮಾತಾಡಿದೆ. ಹೆಸರಿನ ಹುಚ್ಚು ಬಿಡಿ, ನಾನು ಎನ್ನುವುದನ್ನು ಬಿಡಿ ಎಂದು ಹೇಳಿದ ಬುದ್ಧನ ಮನೆಗೇ ನಿಮ್ಮ ಹೆಸರು ಮೆತ್ತುತ್ತೀರಾ ಎಂದು ಬೈದೆ. ಒಂದೇ ಸಾಲು ಸಾಕು, ಈ ಊರಿನವರ ದಾನ ಎಂದು ಬರೆಸೋಣ ಎಂದೆ. ಸಭೆ ತಣ್ಣಗಾಯಿತು. ಚಪ್ಪಾಳೆ ಬಿತ್ತು. ನನಗೆ ಎದೆ ಉಬ್ಬಿತು. ಆ ನೂರಾರು ಒಂಟಿ ಸಾಲುಗಳನ್ನು, ಅಂಗೈಯಲ್ಲಿ ಮುಟ್ಟಿ ಬಂದವನ್ನು, ನಾನು ಜಗಳ ಬಿಡಿಸುವ ಆತುರದಲ್ಲಿ ಮರೆತೇಬಿಟ್ಟೆ. ಮರೆತೆ ಎನ್ನುವುದೂ ಸುಳ್ಳು. ನನಗೆ ಅನುಕೂಲವಾದದ್ದನ್ನು ಎತ್ತಿಕೊಂಡೆ.

ಅಕ್ಕ ಹಿಂದುಗಡೆ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಮನೆಗೆ ಬರುವಾಗ ದಾರಿಯಲ್ಲಿ, "ಅಂಗಾರೆ ಯಾರ ಎಸ್ರೂ ಇಲ್ವಾ?" ಎಂದಳು.

"ಯಾರದೂ ಇಲ್ಲಕ್ಕ. ಇದ್ದರೆ ಎಲ್ಲರದೂ ಇರಬೇಕಾಗುತ್ತೆ, ಅಷ್ಟು ದೊಡ್ಡ ಕಲ್ಲು ಎಲ್ಲಿಂದ ತರೋದು?"

"ಸರಿ ಬುಡು. ಓದ್ದೋನು ನೀನು."

ಒಪ್ಪಿದಳು ಎಂದುಕೊಂಡೆ. ಎಂಥ ಮುಠ್ಠಾಳ!

ತಾಂಡವಪುರದ ಹತ್ತಿರ ರಸ್ತೆ ಬದಿಯಲ್ಲಿ ಗ್ರಾನೈಟ್ ಕೆತ್ತುವವನ ಹತ್ತಿರ ಫಲಕಕ್ಕೆ ಹೇಳಿದ್ದೆವು. ಅದನ್ನು ತರಲು ಅಧ್ಯಕ್ಷನೇ ಹೋದ. ಗೋಡೆಗೆ ಕೂರಿಸಿದಾಗ ನೋಡಿದೆ. ದಪ್ಪ ಅಕ್ಷರದಲ್ಲಿ ಊರಿನವರ ದಾನ. ಅದರ ಕೆಳಗೆ ಉದ್ಘಾಟಿಸುವ ಅತಿಥಿಗಳ ಹೆಸರು. ಎಲ್ಲಕ್ಕಿಂತ ಕೆಳಗೆ, ಶಾಸನ ರಚನೆ ಎಂದು ನನ್ನ ಹೆಸರು, ಎಂ.ಎ. ಸಮೇತ. "ನಿಮ್ಗೊಂದು ಮರ್ಯಾದೆ ಸಾ" ಎಂದು ಅವನು ಹಲ್ಲು ಕಿರಿದ. ಛೆ ಛೆ, ತೆಗೆಸಯ್ಯ ಎಂದೆ. ಬಾಯಿಯಲ್ಲಿ ಎಂದೆ. ಕೆತ್ತಿದ್ದನ್ನು ತೆಗೆಸೋದು ಹೇಗೆ ಸಾ ಎಂದ. ಹಳೆಯ ಕಾಲದಲ್ಲೂ ಬರೆದವನ, ಕೆತ್ತಿದವನ ಹೆಸರು ಕೆಲವು ಕಡೆ ಇರುತ್ತಿತ್ತಲ್ಲ ಎಂದು ನನಗೆ ನಾನೇ ಪುರಾವೆ ಒದಗಿಸಿಕೊಂಡೆ. ನಮ್ಮೂರಿನವರ ಪೈಕಿ ಆ ಕಲ್ಲಿನ ಮೇಲೆ ಇರುವುದು ನನ್ನದೊಂದೇ ಹೆಸರು. ಒಂದು ಇಟ್ಟಿಗೆಯನ್ನೂ ನಾನು ಎತ್ತಿರಲಿಲ್ಲ.

ಬುದ್ಧ ಪೂರ್ಣಿಮೆಯ ಬೆಳಿಗ್ಗೆ ಉದ್ಘಾಟನೆ. ಮೈಕಿನವರು ಬಂದಿದ್ದಾರೋ ಇಲ್ಲವೋ ನೋಡೋಣವೆಂದು ನಾನು ಮೊದಲೇ ಹೋದೆ. ಅಕ್ಕ ಆಗಲೇ ಅಲ್ಲಿದ್ದಳು, ಬಿಳಿ ಸೀರೆ ಉಟ್ಟು, ಫಲಕದ ಮುಂದೆ. ಬೆರಳನ್ನು ಅಕ್ಷರದ ಮೇಲಿಟ್ಟು ಒಂದೊಂದೇ ಸಾಲು ಇಳಿಯುತ್ತಿದ್ದಳು. ಯಾರ ಹೆಸರೂ ಇಲ್ಲವೆಂದು ನಾನು ಹೇಳಿದ್ದರೂ ಒಂದು ಸಲ ನೋಡೋಣವೆಂದು ಬಂದಿದ್ದಳು. ಕಟ್ಟಕಡೆಯ ಸಾಲಿನಲ್ಲಿ ಅವಳ ಬೆರಳು ನಿಂತಿತು. ನನಗೆ ಮೈ ಉರಿಯಿತು. ನಾಚಿಕೆ ಬಂದಾಗ ನನಗೆ ಬರುವುದು ಸಿಟ್ಟೇ.

"ಏನಕ್ಕ ಅದು, ಏನ್ ಹುಡುಕ್ತಿದ್ದೀಯ?"

"ಏನಿಲ್ಲ ಕಣಪ್ಪ. ದೂಳ್ ಒರೆಸ್ತಿದ್ದೆ," ಎಂದು ಸೆರಗಿನಿಂದ ನನ್ನ ಹೆಸರನ್ನು ಒರೆಸಿದಳು.

ಆ ದಿನ ಮೈಕಿನಲ್ಲಿ ನನ್ನನ್ನು ಹೊಗಳಿದ್ದೇ ಹೊಗಳಿದ್ದು.

ಅಲ್ಲಿಂದ ಎರಡು ವರ್ಷ ಅವಳು ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಪ್ರತಿ ಭಾನುವಾರ ವಂದನೆಗೆ ಮೊದಲು ಆ ಮೆಟ್ಟಿಲನ್ನು ತೊಳೆಯುವವಳು ಅವಳೇ. ಆಮೇಲೆ ಹೊಟ್ಟೆಯ ಕಾಯಿಲೆ ಬಂತು. ನಂಜನಗೂಡಿನ ಆಸ್ಪತ್ರೆಯಲ್ಲಿ ಹತ್ತು ದಿನ ಇಟ್ಟುಕೊಂಡರು. ಒಂದು ಮಧ್ಯಾಹ್ನ ನಾನು ಎಳನೀರು ಬಗ್ಗಿಸುತ್ತಿದ್ದಾಗ ಕಣ್ಣು ಬಿಟ್ಟು, "ಲೇ, ಆ ಎಂಗುಸ್ರ ಸುದ್ದಿ ಏಳ್ತಿದ್ದೆಯಲ್ಲ, ಅದ ಇನ್ನೊಂದ್ ಸಲ ಏಳು" ಎಂದಳು.

ಹೇಳಿದೆ. ಕಂಬ ಕೊಟ್ಟವಳು, ನೆಲದ ಕಲ್ಲು ಕೊಟ್ಟವಳು, ಮಗನ ಹೆಸರು ಹೇಳಿ ತಾನು ತಾಯಿ ಎಂದವಳು, ಬರೀ ತನ್ನ ಹೆಸರು ಹೇಳಿದವಳು. ಅಕ್ಕ ಸೂರು ನೋಡುತ್ತ ಕೇಳಿಸಿಕೊಂಡು, ಎಲ್ಲ ಮುಗಿದ ಮೇಲೆ ಹೇಳಿದಳು:

"ಆವಮ್ಮಂದಿರ ತಮ್ಮಂದಿರ್ಯಾರೂ ಮೇಷ್ಟ್ರಾಗಿರ್ನಿಲ್ಲ ಅಂತ ಕಾಣ್ತದೆ."

ಹೇಳಿ ನಕ್ಕಳು. ಅವಳ ಮಾಮೂಲಿ ತಮಾಷೆಯ ನಗುವೇ. ಪಕ್ಕದ ಮಂಚದವಳೂ ಅರ್ಥವಾಗದೆ ನಕ್ಕಳು. ನಾನು ಎಳನೀರಿನ ಲೋಟ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಅರವತ್ತು ದಾಟಿದವನು, ಜನರಲ್ ವಾರ್ಡಿನ ನಡುವೆ.

"ಹಾಕಿಸ್ತೀನಿ ಅಕ್ಕ. ನಿನ್ನ ಹೆಸರು ಹಾಕಿಸ್ತೀನಿ."

ಬೇಡ ಬಿಡು ಎನ್ನುತ್ತಾಳೆ ಎಂದುಕೊಂಡಿದ್ದೆ. ಅನ್ನಲಿಲ್ಲ. "ಆಕ್ಸು," ಎಂದಳು. "ಅವ್ವ ಇಟ್ಟ ಎಸ್ರು ಆಕ್ಸು. ಅವ್ರು ಕರೀತಿದ್ದುದ ಆಕ್ಸ್ಬ್ಯಾಡ. ಬಿರ್ನೆ ಆಕ್ಸು, ನಾನೂ ನೋಡ್ಬೇಕು."

ಬೇಗ ಹಾಕಿಸು ಎಂದಳು. ಎಷ್ಟು ಸುಲಭದ ಕೆಲಸ! ಒಬ್ಬ ಕೆತ್ತುವವನನ್ನು ಕರೆತಂದರೆ ಅರ್ಧ ದಿನ. ಆದರೆ ಸಮಿತಿಯ ಮುಂದೆ ಹೋಗಿ, ನಾನು ಅಂದು ಹೇಳಿದ್ದು ತಪ್ಪು ಎನ್ನಬೇಕಿತ್ತು. ಅಷ್ಟು ಜನರ ಮುಂದೆ, ಅದೂ ನನ್ನ ವಿದ್ಯಾರ್ಥಿಯ ಮುಂದೆ. ಮುಂದಿನ ಸಭೆಯಲ್ಲಿ ಹೇಳೋಣ ಎಂದುಕೊಂಡೆ. ಆ ಸಭೆಯಲ್ಲಿ ಕಾಂಪೌಂಡಿನ ವಿಷಯವೇ ಹೊತ್ತು ತಿಂದಿತು, ನಾನು ಬಾಯಿ ಬಿಡಲಿಲ್ಲ. ಅದರ ಮುಂದಿನ ತಿಂಗಳು ಸಭೆಯೇ ಸೇರಲಿಲ್ಲ, ನನಗೆ ಒಳಗೊಳಗೇ ಹಾಯೆನಿಸಿತು. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅಕ್ಕ ಎರಡು ಸಲ ಕೇಳಿದಳು. "ಆಯ್ತಾ?" ಎಂದು ಅಷ್ಟೇ. ಆಗುತ್ತೆ ಎಂದೆ. ಮೂರನೆಯ ತಿಂಗಳು ಅವಳಿಲ್ಲ.

ಹುಡುಗರು ಬಸ್ ಸ್ಟಾಪಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದರು. ಅದಕ್ಕೆ ಹೆಸರು ಬರೆದುಕೊಟ್ಟವನು ನಾನೇ. ಅವ್ವ ಇಟ್ಟ ಹೆಸರು, ಒಂದೊಂದು ಅಕ್ಷರ ಮೊಳದುದ್ದ. ತಿಂಗಳೊಳಗೆ ಅದು ಗಾಳಿಗೆ ಹರಿದು, ಯಾರೋ ಬಿಚ್ಚಿಕೊಂಡು ಹೋಗಿ ಹುಲ್ಲಿನ ಮೆದೆಗೆ ಹೊದಿಸಿದರು. ಅವಳ ಹೆಸರನ್ನು ಇಲ್ಲಿ ನಾನು ಬರೆಯುತ್ತಿಲ್ಲ. ಕಲ್ಲಲ್ಲಿ ಬರೆಸದವನು ಕಾಗದದಲ್ಲಿ ಬರೆದು ಮನಸ್ಸು ಹಗುರ ಮಾಡಿಕೊಳ್ಳುವುದು ಬೇಡ.

ಅವಳು ಹೋದ ಮೇಲೆ ಧೈರ್ಯ ಬಂತು, ಯಾತಕ್ಕೆ ಬಂತೋ. ಸಭೆಯಲ್ಲಿ ಎದ್ದು ನಿಂತು ಕೇಳಿದೆ. ಮೆಟ್ಟಿಲಿನ ಮೇಲೇ ಒಂದು ಸಾಲು ಕೆತ್ತಿಸೋಣ ಎಂದೆ. ಹೆಂಗಸರೇ ಮೊದಲು ಬೇಡವೆಂದರು. "ಅಯ್ಯೋ, ಆಯಮ್ಮನ ಎಸ್ರಿನ ಮ್ಯಾಲೆ ಕಾಲಿಡದಾ? ನಮ್ ಕೈಲಾಗಲ್ಲ ಕಣಣ್ಣ." ಹಾಗಾದರೆ ಫಲಕದಲ್ಲಿ ಸೇರಿಸೋಣ ಎಂದೆ. ಅಧ್ಯಕ್ಷ ತಲೆ ಕೆರೆದುಕೊಂಡ. "ಸಾ, ಬೇಜಾರ್ ಮಾಡ್ಕೋಬೇಡಿ. ಒಂದೆಸ್ರು ಆಕುದ್ರೆ ಎಲ್ರೂ ಬತ್ತಾರೆ. ನಮ್ಮವ್ವನೂ ಇಟ್ಟಿಗೆ ಒತ್ತವ್ಳೆ. ನೀವೇ ಅವತ್ತು ಏಳಿದ್ರಲ್ಲ ಸಾ." ಅವನು ನನ್ನ ಮಾತನ್ನೇ, ನನ್ನ ಧಾಟಿಯಲ್ಲೇ, ನನಗೆ ಒಪ್ಪಿಸಿದ. ಒಳ್ಳೆಯ ವಿದ್ಯಾರ್ಥಿ, ಹೇಳಿಕೊಟ್ಟದ್ದನ್ನು ಮರೆತಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಹೋದ ತಿಂಗಳು ಮೈಸೂರಿನಿಂದ ಒಬ್ಬ ಹುಡುಗಿ ಬಂದಿದ್ದಳು. ಈ ಕಡೆಯ ಹಳ್ಳಿಗಳಲ್ಲಿ ಈಚೆಗೆ ಕಟ್ಟಿದ ವಿಹಾರಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳಂತೆ. ಮೇಷ್ಟ್ರನ್ನು ಕೇಳಿ ಎಂದು ಯಾರೋ ನನ್ನ ಮನೆ ತೋರಿಸಿದ್ದರು. ಕರೆದುಕೊಂಡು ಹೋದೆ. ಚಪ್ಪಲಿ ಬಿಟ್ಟು, ಅಕ್ಕನ ಕಲ್ಲಿನ ಮೇಲೆ ಕಾಲಿಟ್ಟು ಒಳಗೆ ಬಂದಳು. ಫಲಕದ ಅಳತೆ ತೆಗೆದುಕೊಂಡಳು, ಫೋಟೊ ಹಿಡಿದಳು, ಸಾಲು ಸಾಲಾಗಿ ನೋಟ್ ಪುಸ್ತಕಕ್ಕೆ ಇಳಿಸಿದಳು. ನಾನು ಸನ್ನತಿಯಲ್ಲಿ ಇಳಿಸಿಕೊಂಡ ಹಾಗೆಯೇ, ಒಂದಕ್ಷರ ಬಿಡದೆ. ನನ್ನ ಹೆಸರು ಬಂದಾಗ ತಲೆ ಎತ್ತಿ ನಕ್ಕಳು. ಆಮೇಲೆ ಒಂದು ಪುಟ ತಿರುವಿ, ತುಂಬ ವಿನಯದಿಂದ ಕೇಳಿದಳು.

"ಸರ್, ಇಲ್ಲಿ ಹೆಂಗಸರ ದಾನ ಏನೂ ಇರಲಿಲ್ವಾ?"

ಇತ್ತು ಎಂದೆ. ಅವಳನ್ನು ಹೊರಗೆ ಕರೆದು ಮೆಟ್ಟಿಲು ತೋರಿಸಿದೆ. ಅಕ್ಕನ ಹೆಸರು ಹೇಳಿದೆ, ಅವ್ವ ಇಟ್ಟದ್ದನ್ನು. ಹುಡುಗಿ ಬಗ್ಗಿ ಕಲ್ಲಿನ ಅಂಚನ್ನೆಲ್ಲ ನೋಡಿದಳು, ಪಕ್ಕಕ್ಕೆ ಹೋಗಿಯೂ ನೋಡಿದಳು.

"ಬರಹ ಏನೂ ಇಲ್ವಲ್ಲ ಸರ್?"

"ಇಲ್ಲಮ್ಮ. ನಾನು ಬರೆಸಲಿಲ್ಲ."

ಅವಳು ಪೆನ್ನು ಜೇಬಿಗಿಟ್ಟು ಪೆನ್ಸಿಲ್ ತೆಗೆದು, ಪುಟದ ಅಂಚಿನಲ್ಲಿ ಅಕ್ಕನ ಹೆಸರು ಬರೆದುಕೊಂಡಳು. ಅದರ ಮುಂದೊಂದು ಪ್ರಶ್ನೆ ಚಿಹ್ನೆ ಹಾಕಿದಳು. ತಪ್ಪೇನಿಲ್ಲ. ಆಧಾರವಿಲ್ಲದ ಹೆಸರಿನ ಮುಂದೆ ಅದನ್ನು ಹಾಕಬೇಕೆಂದು ಮೂವತ್ತು ವರ್ಷ ನಾನೇ ಪಾಠ ಮಾಡಿದ್ದೇನೆ.